ಬಡಿಸುವವರು ಯಾರು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು 2005–06ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ., ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



‘ತಂತ್ರಜ್ಞಾನ ಮತ್ತು ನಾವು’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದವರು ಹೇಳಿದ್ದಾರೆ. ವಿಷಯ ದೊಡ್ಡದು, ಸಮಯ ಚಿಕ್ಕದು. ಹಾಗಾಗಿ ನಮ್ಮ ಮುಂದೆಯೇ ಇರುವ ಒಂದು ಕೆಲಸವನ್ನು ಹಿಡಿದುಕೊಂಡು ಮಾತನಾಡುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಒಂದು ಕಂಪ್ಯೂಟರ್ ಕೊಠಡಿ ಮಾಡಿಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘ ತೀರ್ಮಾನಿಸಿದೆ. ಹಣವೂ ಬಹುಪಾಲು ಸೇರಿದೆ. ಎಷ್ಟು ಕಂಪ್ಯೂಟರ್ ಎಂಬುದರ ಬಗ್ಗೆ ಚರ್ಚೆ ಆಗಿದೆ, ಬೆಂಚು, ವೈರಿಂಗ್, ಯುಪಿಎಸ್ ಬಗ್ಗೆಯೂ ಆಗಿದೆ. ಅವುಗಳ ಒಳಗೆ ಏನಿರಬೇಕು ಎಂಬುದರ ಬಗ್ಗೆ ಮಾತ್ರ ಇನ್ನೂ ಆಗಿಲ್ಲ. ನನ್ನ ಮಾತು ಅದರ ಬಗ್ಗೆ.

ಮೊದಲು ಒಂದು ಪದ. ‘ಸರ್ವರ್’ ಎಂಬ ಇಂಗ್ಲಿಷ್ ಪದ ಇವತ್ತು ನಮ್ಮೂರಿನಲ್ಲಿ ಗೊತ್ತಿಲ್ಲದವರಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಅಜ್ಜಿಯರಿಗೂ ಗೊತ್ತು. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದರೆ ಅಕ್ಕಿ ಅಂಗಡಿಯೊಳಗೇ ಇದ್ದರೂ ಇವತ್ತು ಸಿಗುವುದಿಲ್ಲ ಎಂದರ್ಥ. ಆ ಸರ್ವರ್ ಏನು, ಎಲ್ಲಿದೆ ಎಂದು ಕೇಳಿದರೆ ಮಾತ್ರ ಮೇಲೆ ಆಕಾಶದ ಕಡೆ ಕೈ ತೋರಿಸುತ್ತಾರೆ. ಅದು ಆಕಾಶದಲ್ಲಿಲ್ಲ. ಅದೂ ಒಂದು ಕಂಪ್ಯೂಟರ್ರೇ. ಮುಂಬೈಯಲ್ಲೋ, ಹೈದರಾಬಾದಿನಲ್ಲೋ, ಸಿಂಗಪುರದಲ್ಲೋ ಒಂದು ದೊಡ್ಡ ಕಟ್ಟಡದಲ್ಲಿ ಸಾವಿರಾರು ಕಂಪ್ಯೂಟರುಗಳ ನಡುವೆ ಇರುತ್ತದೆ. ಅದಕ್ಕೊಬ್ಬ ಮಾಲೀಕ ಇರುತ್ತಾನೆ. ‘ಸರ್ವ್’ ಎಂದರೆ ಬಡಿಸುವುದು. ನಾವು ಕೇಳಿದ್ದನ್ನು ಬಡಿಸುವ ಕಂಪ್ಯೂಟರ್ ಎಂದು ಅದಕ್ಕೆ ಆ ಹೆಸರು. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಬಡಿಸುವವರು ನಮ್ಮವರಲ್ಲದಿದ್ದರೆ? ನನ್ನ ಇಡೀ ಭಾಷಣ ಈ ಒಂದು ಪ್ರಶ್ನೆಯ ಸುತ್ತ ಇದೆ.

ಇದು ಹೊಸ ಪ್ರಶ್ನೆ. ಇದಕ್ಕಿಂತ ಹಳೆಯದಾದ ಇನ್ನೊಂದು ಪ್ರಶ್ನೆಗೆ ಜಗತ್ತು ಒಂದು ಮಟ್ಟಿಗೆ ಉತ್ತರ ಕಂಡುಕೊಂಡಿದೆ. ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶ ಯಾರದು ಎಂಬುದು ಆ ಹಳೆಯ ಪ್ರಶ್ನೆ. 1980ರ ದಶಕದ ಹೊತ್ತಿಗೆ ಕಂಪನಿಗಳು ತಂತ್ರಾಂಶವನ್ನು ಬೀಗ ಹಾಕಿ ಮಾರತೊಡಗಿದ್ದವು. ಬಳಸಬಹುದು, ಒಳಗೆ ಏನಿದೆ ಎಂದು ನೋಡುವಂತಿಲ್ಲ. ಕೆಟ್ಟರೆ ರಿಪೇರಿ ಮಾಡುವಂತಿಲ್ಲ. ಪಕ್ಕದವನಿಗೆ ಒಂದು ಪ್ರತಿ ಕೊಟ್ಟರೆ ಕಳ್ಳತನ. ಅಮೆರಿಕದ ಎಂಐಟಿಯಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬುವರು ಇದನ್ನು ಒಪ್ಪಲಿಲ್ಲ. 1983ರಲ್ಲಿ ಅವರು ‘ಗ್ನು’ ಎಂಬ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಬೇಕಾದ ಕೆಲಸಕ್ಕೆ ಬಳಸುವ, ಒಳಗೆ ನೋಡಿ ತಿದ್ದಿಕೊಳ್ಳುವ, ಹಂಚುವ, ತಿದ್ದಿದ್ದನ್ನೂ ಹಂಚುವ, ಹೀಗೆ ನಾಲ್ಕು ಸ್ವಾತಂತ್ರ್ಯಗಳು ಬಳಸುವವರಿಗೆ ಇರಬೇಕು ಎಂಬುದು ಅವರ ವಾದ. 1991ರಲ್ಲಿ ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ‘ಲಿನಕ್ಸ್’ ಬರೆದ. ಎರಡೂ ಸೇರಿ ಇಂದು ಜಗತ್ತಿನ ಬಹುಪಾಲು ದೊಡ್ಡ ಕಂಪ್ಯೂಟರುಗಳನ್ನು ನಡೆಸುತ್ತಿವೆ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಬುಡದಲ್ಲಿರುವುದೂ ಲಿನಕ್ಸೇ.

ಇಂಗ್ಲಿಷಿನಲ್ಲಿ ಇದಕ್ಕೆ ‘ಫ್ರೀ ಸಾಫ್ಟ್‌ವೇರ್’ ಎನ್ನುತ್ತಾರೆ. ಇಂಗ್ಲಿಷಿನವರಿಗೆ ಅಲ್ಲೊಂದು ತೊಂದರೆ. ‘ಫ್ರೀ’ ಎಂದರೆ ಬಿಟ್ಟಿ ಎಂದೂ ಆಗುತ್ತದೆ, ಸ್ವತಂತ್ರ ಎಂದೂ ಆಗುತ್ತದೆ. ಕನ್ನಡಕ್ಕೆ ಆ ಕಷ್ಟವಿಲ್ಲ. ಬಿಟ್ಟಿಯೇ ಬೇರೆ, ಸ್ವತಂತ್ರವೇ ಬೇರೆ. ರೈತರಿಗೆ ಇದನ್ನು ಹೇಳಿಕೊಡಬೇಕಾಗಿಯೂ ಇಲ್ಲ. ಈ ವರ್ಷದ ಬೆಳೆಯಲ್ಲಿ ಒಳ್ಳೆಯ ತೆನೆ ಆರಿಸಿ ಬೂದಿ ಬೆರೆಸಿ ಇಟ್ಟ ರಾಗಿ ಬೀಜ ಸ್ವತಂತ್ರ. ಅದನ್ನು ಬಿತ್ತಬಹುದು, ನೆಂಟರಿಗೆ ಕೊಡಬಹುದು. ಕಂಪನಿಯವರು ಮೊದಲ ವರ್ಷ ಪುಕ್ಕಟೆ ಕೊಟ್ಟ ಹೈಬ್ರಿಡ್ ಬೀಜದ ಪೊಟ್ಟಣ ಬಿಟ್ಟಿ. ಮರುವರ್ಷ ಮತ್ತೆ ಅವರ ಅಂಗಡಿಗೇ ಹೋಗಬೇಕು.

ಕನ್ನಡಕ್ಕೆ ಸ್ವತಂತ್ರ ತಂತ್ರಾಂಶದಿಂದ ಆದ ಉಪಕಾರ ಸಣ್ಣದಲ್ಲ. ಲಿನಕ್ಸಿನ ಮೆನು, ಗುಂಡಿ, ಎಚ್ಚರಿಕೆಯ ಸಾಲುಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಗುಬ್ಬಿ, ನವಿಲು ಮುಂತಾದ ಅಕ್ಷರವಿನ್ಯಾಸಗಳನ್ನು ಯಾರು ಬೇಕಾದರೂ ಬಳಸಬಹುದು. ನಮ್ಮ ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳನ್ನು ಪೂರ್ತಿ ಸ್ವತಂತ್ರ ತಂತ್ರಾಂಶದ ಮೇಲೆ ನಡೆಸುತ್ತ ಬಂದಿದ್ದಾರೆ. ಅಲ್ಲಿ ಆಗಿರುವುದು ಇಲ್ಲಿ ಆಗಬಾರದೇಕೆ?

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಭಾಷಣ ಹದಿನೈದು ವರ್ಷ ಹಳೆಯದಾಗುತ್ತದೆ. ಈಗ ಒಂದು ತೊಡಕು ಬಂದಿದೆ.

ನಿಮ್ಮ ಕಂಪ್ಯೂಟರಿನಲ್ಲಿರುವ ತಂತ್ರಾಂಶ ಸ್ವತಂತ್ರವಾಗಿರಬಹುದು. ಅದು ಕೆಲಸವನ್ನೇ ಅಲ್ಲಿ ಮಾಡದಿದ್ದರೆ? ಬಹಳ ತಂತ್ರಾಂಶಗಳು ಇಂದು ಬರೀ ಕಿಟಕಿಗಳು. ನೀವು ಕೊಟ್ಟದ್ದನ್ನು ದೂರದ ಸರ್ವರಿಗೆ ಕಳಿಸುತ್ತವೆ, ಅಲ್ಲಿಂದ ಬಂದದ್ದನ್ನು ತೋರಿಸುತ್ತವೆ. ಕಿಟಕಿಯ ಮರಗೆಲಸ ಹೇಗಾಗಿದೆ ಎಂದು ನೀವು ಪೂರ್ತಿ ಪರೀಕ್ಷಿಸಬಹುದು. ಕಿಟಕಿಯ ಆಚೆ ಏನು ನಡೆಯುತ್ತದೆ ಎಂಬುದು ಕಾಣುವುದಿಲ್ಲ. ನೀವೆಲ್ಲ ಕೇಳಿರುವ ಟೆಲಿಗ್ರಾಂ ಇದಕ್ಕೆ ಒಂದು ಉದಾಹರಣೆ. ಫೋನಿನಲ್ಲಿ ಕೂರುವ ಅದರ ಆ್ಯಪಿನ ಮೂಲ ಬರಹ ಎಲ್ಲರಿಗೂ ತೆರೆದಿದೆ. ಅದರ ಸರ್ವರಿನ ಬರಹ ತೆರೆದಿಲ್ಲ.

ಇದರಲ್ಲಿ ಅನ್ಯಾಯ ಏನಿದೆ ಎಂದು ನೀವು ಕೇಳಬಹುದು. ಮನೆಯಲ್ಲಿ ಬೀಸುವ ಕಲ್ಲು ಇತ್ತು, ಈಗ ಮಿಲ್ಲಿಗೆ ಹೋಗುತ್ತೇವೆ, ಅದರಲ್ಲಿ ತಪ್ಪೇನು? ತಪ್ಪಿಲ್ಲ. ಮಿಲ್ಲಿನವರು ನಮ್ಮೂರಿನವರು. ನಮ್ಮ ರಾಗಿ ನಮ್ಮ ಕಣ್ಣ ಮುಂದೆಯೇ ಹಿಟ್ಟಾಗುತ್ತದೆ. ಕೂಲಿ ಎಷ್ಟು ಎಂದು ಬೋರ್ಡಿನಲ್ಲಿ ಬರೆದಿರುತ್ತದೆ. ಸರಿಬರದಿದ್ದರೆ ಪಕ್ಕದೂರಿನ ಮಿಲ್ಲಿಗೆ ಹೋಗುತ್ತೇವೆ. ಈಗ ಹೀಗೆ ಊಹಿಸಿ. ಯಾರೋ ಗೊತ್ತಿಲ್ಲದವರು ಮನೆ ಬಾಗಿಲಿಗೆ ಬಂದು, ‘ರಾಗಿ ಚೀಲ ಕೊಡಿ, ಎಲ್ಲೋ ದೂರದಲ್ಲಿ ಬೀಸಿ ತಂದುಕೊಡುತ್ತೇವೆ, ಒಂದು ಪೈಸೆಯೂ ಬೇಡ’ ಅನ್ನುತ್ತಾರೆ. ನಮ್ಮ ಅವ್ವಂದಿರು ಚೀಲ ಕೊಡುವ ಮೊದಲು ಹತ್ತು ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಇದೇ ವ್ಯವಹಾರ ನಡೆದಾಗ ಒಂದು ಪ್ರಶ್ನೆಯನ್ನೂ ಕೇಳದೆ ‘ಒಪ್ಪಿದೆ’ ಎಂಬ ಗುಂಡಿ ಒತ್ತುತ್ತೇವೆ.

ಬಡಿಸುವವರು ನಮ್ಮವರಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಡೆದ ಸಂಗತಿಗಳೇ ಇವೆ. ಮೂರನ್ನು ಹೇಳುತ್ತೇನೆ.

ಒಂದು, ಕೊಟ್ಟದ್ದನ್ನು ಕಿತ್ತುಕೊಳ್ಳಬಹುದು. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ತನ್ನ ಕಿಂಡಲ್ ಓದುಗರ ಯಂತ್ರಗಳಿಂದ ಕೆಲವು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಓದುಗರು ಹಣ ಕೊಟ್ಟು ಕೊಂಡ ಪುಸ್ತಕಗಳು ಅವು. ಆ ಪ್ರತಿಗಳನ್ನು ಮಾರಿದವರಿಗೆ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ಹಿಂದಕ್ಕೆ ಕೊಟ್ಟರು, ಆಮೇಲೆ ಕಂಪನಿಯ ಮುಖ್ಯಸ್ಥರೇ ಕ್ಷಮೆಯನ್ನೂ ಕೇಳಿದರು. ಅಳಿಸಿದ ಪುಸ್ತಕಗಳಲ್ಲಿ ಒಂದು ಜಾರ್ಜ್ ಆರ್ವೆಲ್ಲರ ‘1984’. ಸರ್ಕಾರವೊಂದು ಜನರ ಪ್ರತಿ ಚಲನೆಯನ್ನೂ ಕಾಯುವ, ಹಳೆಯ ದಾಖಲೆಗಳನ್ನು ಅಳಿಸುವ ಕತೆ ಅದು! ನಮ್ಮ ಶಾಲೆಯ ಲೈಬ್ರರಿಯಿಂದ ಯಾರಾದರೂ ರಾತ್ರಿ ಪುಸ್ತಕ ಹೊತ್ತುಕೊಂಡು ಹೋಗಿ ಬೀರುವಿನಲ್ಲಿ ದುಡ್ಡಿಟ್ಟು ಹೋದರೆ ನಾವು ಸುಮ್ಮನಿರುತ್ತೇವೆಯೇ?

ಎರಡು, ಬಡಿಸುವುದನ್ನೇ ನಿಲ್ಲಿಸಬಹುದು. 2025ರ ಜುಲೈನಲ್ಲಿ ಗುಜರಾತಿನಲ್ಲಿ ತೈಲ ಶುದ್ಧೀಕರಣ ಘಟಕ ಹೊಂದಿರುವ ನಯಾರಾ ಎನರ್ಜಿ ಕಂಪನಿಗೆ ಮೈಕ್ರೋಸಾಫ್ಟ್ ತನ್ನ ಮೇಲ್ ಮುಂತಾದ ಸೇವೆಗಳನ್ನು ತಡೆಹಿಡಿಯಿತು. ರಷ್ಯಾದ ಪಾಲುದಾರಿಕೆ ಇರುವ ಆ ಕಂಪನಿಯ ಮೇಲೆ ಯೂರೋಪಿಯನ್ ಒಕ್ಕೂಟ ನಿರ್ಬಂಧ ಹೇರಿದ್ದೇ ಹಿನ್ನೆಲೆ. ಹಣ ಕೊಟ್ಟು ಪಡೆದಿದ್ದ ಸೇವೆ ಅದು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ಕೆಲವು ದಿನಗಳಲ್ಲಿ ಸೇವೆ ಮರಳಿತು. ಯಾರು ಸರಿ ಯಾರು ತಪ್ಪು ಎಂಬ ಚರ್ಚೆ ನನಗೆ ಬೇಡ. ಅಷ್ಟು ದೊಡ್ಡ ಕಂಪನಿಗೆ ಕೋರ್ಟಿಗೆ ಹೋಗಲು ವಕೀಲರಿದ್ದಾರೆ. ನಮ್ಮ ಹೈಸ್ಕೂಲಿಗೆ ಯಾರಿದ್ದಾರೆ?

ಮೂರು, ಕೊಟ್ಟ ಮಾಹಿತಿ ಸೋರಬಹುದು. ನಮ್ಮ ಪಠ್ಯಪುಸ್ತಕಗಳಲ್ಲಿರುವ ಕ್ಯೂಆರ್ ಚೌಕಗಳನ್ನು ಸ್ಕ್ಯಾನ್ ಮಾಡಿದರೆ ತೆರೆಯುವ ‘ದೀಕ್ಷಾ’ ನಿಮಗೆ ಗೊತ್ತು. ಅದರ ಬುನಾದಿಯಾದ ‘ಸನ್‌ಬರ್ಡ್’ ತಂತ್ರಾಂಶ ನಮ್ಮ ಬೆಂಗಳೂರಿನ ಏಕ್‌ಸ್ಟೆಪ್ ಸಂಸ್ಥೆಯದು, ಎಲ್ಲರಿಗೂ ತೆರೆದಿರುವಂಥದು. ಒಳ್ಳೆಯ ಕೆಲಸ. ಆದರೆ ದೀಕ್ಷಾದ ಮಾಹಿತಿ ಇಟ್ಟಿದ್ದ ಒಂದು ಸರ್ವರಿಗೆ ಬೀಗವೇ ಹಾಕಿರಲಿಲ್ಲ, ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ನಂಬರ್‌ಗಳು ಹೊರಗಿನವರಿಗೆ ಕಾಣುವಂತಿದ್ದವು ಎಂದು 2023ರ ಜನವರಿಯಲ್ಲಿ ‘ವೈರ್ಡ್’ ಪತ್ರಿಕೆ ವರದಿ ಮಾಡಿತು. ಇಲ್ಲೊಂದು ಪಾಠವಿದೆ. ಬರಹ ತೆರೆದಿದ್ದ ಮಾತ್ರಕ್ಕೆ ಮಾಹಿತಿ ಭದ್ರವಾಗಿರುವುದಿಲ್ಲ. ಅಡುಗೆಯ ವಿಧಾನವನ್ನು ಊರಿಗೆಲ್ಲ ಹೇಳುವುದು ಒಂದು, ಅಡುಗೆಮನೆಯ ಬಾಗಿಲು ಹಾಕಿಕೊಳ್ಳುವುದು ಇನ್ನೊಂದು. ಎರಡನ್ನೂ ಮಾಡಬೇಕು.

ಸ್ವತಂತ್ರ ತಂತ್ರಾಂಶದವರು ಈ ತೊಡಕನ್ನು ಗಮನಿಸದೆ ಇಲ್ಲ. ಹಳೆಯ ಪರವಾನಗಿಯಲ್ಲಿ ಒಂದು ಸಂದು ಇತ್ತು. ತಂತ್ರಾಂಶದ ಪ್ರತಿಯನ್ನು ಇನ್ನೊಬ್ಬರಿಗೆ ಕೊಟ್ಟರೆ ಮೂಲ ಬರಹವನ್ನೂ ಕೊಡಬೇಕು ಎಂದಿತ್ತು. ಸರ್ವರ್ ನಡೆಸುವವರು ಪ್ರತಿಯನ್ನು ಕೊಡುವುದೇ ಇಲ್ಲವಲ್ಲ! ಊರವರ ಬೀಜ ತಂದು, ಸುಧಾರಿಸಿ, ಕಾಳನ್ನು ಕೊಡದೆ ಬರೀ ಊಟ ಬಡಿಸಿದ ಹಾಗೆ. ಈ ಸಂದನ್ನು ಮುಚ್ಚಲು 2007ರ ನವೆಂಬರಿನಲ್ಲಿ ‘ಅಫೆರೋ ಜಿಪಿಎಲ್’ ಪರವಾನಗಿಯ ಮೂರನೆಯ ಆವೃತ್ತಿ ಬಂತು. ತಿದ್ದಿದ ತಂತ್ರಾಂಶವನ್ನು ಸರ್ವರಿನಲ್ಲಿ ನಡೆಸಿ ಜನರಿಗೆ ಸೇವೆ ಕೊಡುವವರು ಅದರ ಬರಹವನ್ನೂ ಕೊಡಬೇಕು ಎಂಬುದು ಅದರ ನಿಯಮ. ಮ್ಯಾಸ್ಟಡಾನ್, ನೆಕ್ಸ್ಟ್‌ಕ್ಲೌಡ್ ಮುಂತಾದವು ಇದೇ ಪರವಾನಗಿಯಲ್ಲಿವೆ. ಎಫ್-ಡ್ರಾಯ್ಡ್ ಎಂಬ ಸ್ವತಂತ್ರ ಆ್ಯಪ್‌ಗಳ ಭಂಡಾರದಲ್ಲಿ ಇನ್ನೊಂದು ಒಳ್ಳೆಯ ಪದ್ಧತಿ ಇದೆ. ಆ್ಯಪ್ ಸ್ವತಂತ್ರವಾಗಿದ್ದರೂ ಬೀಗ ಹಾಕಿದ ಯಾವುದೋ ಸರ್ವರನ್ನು ನೆಚ್ಚಿಕೊಂಡಿದ್ದರೆ, ಅದರ ಹೆಸರಿನ ಕೆಳಗೆ ಎಚ್ಚರಿಕೆಯ ಚೀಟಿ ಹಚ್ಚುತ್ತಾರೆ.

ಸ್ವತಂತ್ರ ತಂತ್ರಾಂಶವೇ ದಾರಿ ತಪ್ಪಿದ ಉದಾಹರಣೆಯೂ ಇದೆ. ಉಬುಂಟು ಎಂಬ ಜನಪ್ರಿಯ ಲಿನಕ್ಸಿನ 2012ರ ಅಕ್ಟೋಬರಿನ ಆವೃತ್ತಿಯಲ್ಲಿ, ಬಳಸುವವರು ತಮ್ಮದೇ ಕಂಪ್ಯೂಟರಿನಲ್ಲಿ ಏನನ್ನಾದರೂ ಹುಡುಕಿದರೆ ಆ ಪದ ಕಂಪನಿಯ ಸರ್ವರಿಗೂ ಹೋಗುತ್ತಿತ್ತು. ಅಲ್ಲಿಂದ ಅಮೆಜಾನಿನ ಸರಕುಗಳ ಪಟ್ಟಿ ಬರುತ್ತಿತ್ತು. ಮೊದಲಿಂದಲೇ ಹಾಗೆ ಇಟ್ಟಿದ್ದರು, ಬೇಡ ಅನ್ನುವವರು ತಾವಾಗಿ ಹುಡುಕಿ ತೆಗೆಯಬೇಕಿತ್ತು. ಸ್ಟಾಲ್‌ಮನ್ ಸೇರಿದಂತೆ ಹಲವರು ಬಲವಾಗಿ ವಿರೋಧಿಸಿದರು. 2016ರ ಆವೃತ್ತಿಯಲ್ಲಿ ಅದನ್ನು ಮೊದಲಿಂದಲೇ ಆರಿಸಿಟ್ಟರು. ಬರಹ ತೆರೆದಿದ್ದರಿಂದ ಏನು ಹೋಗುತ್ತಿದೆ ಎಂದು ಹೊರಗಿನವರಿಗೆ ತಿಳಿಯಿತು. ತಿಳಿದದ್ದರಿಂದ ಕೇಳಲು ಸಾಧ್ಯವಾಯಿತು. ಸ್ವತಂತ್ರ ತಂತ್ರಾಂಶದ ಬೆಲೆ ಅದು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನನ್ನ ಸಂಬಳ ಬರುವುದೇ ಸರ್ವರ್ ಕೆಲಸದಿಂದ. ಸರ್ವರ್ ಎಂದರೆ ಕೆಡುಕು ಎಂದು ನಾನು ಹೇಳುತ್ತಿಲ್ಲ. ಕೆಲವು ಕೆಲಸಗಳು ಸ್ವಭಾವದಿಂದಲೇ ಇನ್ನೊಬ್ಬರನ್ನು ಬೇಡುತ್ತವೆ. ಕಾಗದ ಬರೆದರೆ ಅಂಚೆಯಣ್ಣ ಬೇಕು. ಹಾಗೆಯೇ ಮೇಲ್ ಕಳಿಸಲು, ರೈಲಿನ ಟಿಕೆಟ್ ಕಾಯ್ದಿರಿಸಲು, ಎಲ್ಲರೂ ಸೇರಿ ಕನ್ನಡ ವಿಕಿಪೀಡಿಯ ಬರೆಯಲು ಸರ್ವರ್ ಬೇಕೇ ಬೇಕು. ನನ್ನ ಪ್ರಶ್ನೆ ಬೇರೆ. ಡೈರಿ ಬರೆಯಲು ಅಂಚೆ ಕಚೇರಿಗೆ ಏಕೆ ಹೋಗಬೇಕು? ಅಂಕಪಟ್ಟಿ ಕೂಡುವುದು, ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಮಗುವಿನ ಚಿತ್ರ ತಿದ್ದುವುದು, ಇವೆಲ್ಲ ನಮ್ಮ ಕೊಠಡಿಯ ಕಂಪ್ಯೂಟರೇ ಮಾಡಬಲ್ಲ ಕೆಲಸಗಳು. ಇವನ್ನೂ ದೂರ ಕಳಿಸುವಂತೆ ಮಾಡುವ ತಂತ್ರಾಂಶ, ತನ್ನ ಬರಹ ಎಷ್ಟೇ ತೆರೆದಿದ್ದರೂ, ನಮ್ಮ ಕೈಯನ್ನು ಬಲಹೀನ ಮಾಡುತ್ತದೆ.

ಈ ಸಂಚಿಕೆಯ ಕೆಲಸದಲ್ಲೇ ಇದು ಎದುರಾಯಿತು. ಹಿಂದೆ ಅಚ್ಚಾಗಿದ್ದ ಶಾಲಾ ಸಂಚಿಕೆಗಳಿಂದ ಕೆಲವು ಲೇಖನಗಳನ್ನು ಮರುಮುದ್ರಿಸಬೇಕಿತ್ತು. ಜೊತೆಗೆ ಐವತ್ತು ವರ್ಷಗಳ ವಿದ್ಯಾರ್ಥಿಗಳ ಹೆಸರಿನ ಪಟ್ಟಿಗೆ ದಾಖಲಾತಿ ಪುಸ್ತಕಗಳನ್ನು ನೋಡಬೇಕಿತ್ತು. ‘ಒಂದು ವೆಬ್‌ಸೈಟ್ ಇದೆ, ಫೋಟೊ ತೆಗೆದು ಹಾಕಿದರೆ ಅಕ್ಷರ ಮಾಡಿ ಕೊಡುತ್ತದೆ, ಪುಕ್ಕಟೆ’ ಎಂದು ಒಬ್ಬರು ಸಲಹೆ ಕೊಟ್ಟರು. ಅವರ ಉದ್ದೇಶ ಒಳ್ಳೆಯದೇ. ಆದರೆ ದಾಖಲಾತಿ ಪುಸ್ತಕದಲ್ಲಿ ಏನಿರುತ್ತದೆ ಎಂದು ನಮ್ಮ ಗುರುಗಳಿಗೆ ಗೊತ್ತು. ಹೆಸರು, ಹುಟ್ಟಿದ ದಿನಾಂಕ, ತಂದೆ ತಾಯಿಯರ ಹೆಸರು, ಜಾತಿ, ತಂದೆಯ ಕಸುಬು, ಶಾಲೆ ಬಿಟ್ಟ ಕಾರಣ. ಐವತ್ತು ವರ್ಷಗಳ ಒಂದು ಊರಿನ ಸುಖದುಃಖ ಅದರಲ್ಲಿದೆ. ಅದನ್ನು ಹೊರಗೆ ಕಳಿಸಲು ಅದರಲ್ಲಿ ಹೆಸರಿರುವ ಯಾರೂ ಒಪ್ಪಿಗೆ ಕೊಟ್ಟಿಲ್ಲ. ಮುಖ್ಯೋಪಾಧ್ಯಾಯರು ಒಂದೇ ಮಾತಿನಲ್ಲಿ ಬೇಡ ಎಂದರು. ಅಚ್ಚಾದ ಲೇಖನಗಳಿಗೆ ಟೆಸರಾಕ್ಟ್ ಎಂಬ ಸ್ವತಂತ್ರ ತಂತ್ರಾಂಶ ಬಳಸಿದೆವು. ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಎಲ್ಲರಿಗೂ ತೆರೆದುಕೊಂಡ ತಂತ್ರಾಂಶ ಅದು. ಇಂಟರ್‌ನೆಟ್ ಇಲ್ಲದೆಯೂ ಕನ್ನಡ ಓದುತ್ತದೆ. ಒತ್ತಕ್ಷರಗಳಲ್ಲಿ ಎಡವಿತು, ಕನ್ನಡ ಮೇಷ್ಟ್ರು ಕೂತು ತಿದ್ದಿದರು. ದಾಖಲಾತಿ ಪುಸ್ತಕದ ಹೆಸರುಗಳನ್ನು ಮಾತ್ರ ನಾಲ್ಕು ಜನ ಸರದಿಯ ಮೇಲೆ ಶಾಲೆಯಲ್ಲೇ ಕೂತು ಟೈಪ್ ಮಾಡಿದರು. ನಿಧಾನವಾಯಿತು, ನಿಜ. ಪುಸ್ತಕ ಬೀರುವಿನಿಂದ ಹೊರಗೆ ಹೋಗಲಿಲ್ಲ.

ಇದು ಅತಿಯಾಯಿತು ಅನ್ನಿಸಿದರೆ, ಕಾನೂನು ಏನು ಹೇಳುತ್ತದೆ ನೋಡಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು ಎಂದಿದೆ. ಹೈಸ್ಕೂಲಿನ ಮಕ್ಕಳೆಲ್ಲ ಆ ವಯಸ್ಸಿನವರೇ.

ಈಗ ನಮ್ಮ ಕಂಪ್ಯೂಟರ್ ಕೊಠಡಿಗೆ ಬರೋಣ. ಸಂಘದ ಮುಂದೆ ನನ್ನ ಕೆಲವು ಸಲಹೆಗಳಿವೆ.

ಕಂಪ್ಯೂಟರುಗಳಲ್ಲಿ ಲಿನಕ್ಸ್ ಇರಲಿ, ಪರವಾನಗಿಯ ಹಣ ಉಳಿಯುತ್ತದೆ. ಬರವಣಿಗೆ, ಲೆಕ್ಕಕ್ಕೆ ಲಿಬ್ರೆಆಫೀಸ್ ಸಾಕು. ಕೊಠಡಿಯ ಒಂದು ಕಂಪ್ಯೂಟರನ್ನೇ ನಮ್ಮ ಸರ್ವರ್ ಮಾಡೋಣ. ಕಿವಿಕ್ಸ್ ಎಂಬ ಸ್ವತಂತ್ರ ತಂತ್ರಾಂಶದಿಂದ ಇಡೀ ಕನ್ನಡ ವಿಕಿಪೀಡಿಯವನ್ನು ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆ ಓದಬಹುದು. ಕೊಲಿಬ್ರಿ ಎಂಬುದು ಪಾಠ, ವಿಡಿಯೊ, ಅಭ್ಯಾಸಗಳನ್ನು ಶಾಲೆಯೊಳಗೇ ಇಟ್ಟುಕೊಳ್ಳಲೆಂದೇ ಮಾಡಿದ ತಂತ್ರಾಂಶ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ವಿಜ್ಞಾನ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲೇ ಸಿಗುತ್ತವೆ. ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಹೋದರೂ ಪಾಠ ನಿಲ್ಲುವುದಿಲ್ಲ. ಬಡಿಸುವವರು ನಮ್ಮವರೇ ಆಗಿರುತ್ತಾರೆ.

ಇದಕ್ಕೆ ಎದುರು ಮಾತು ಬರುತ್ತದೆ, ಬರಬೇಕು ಕೂಡ. ಕೆಟ್ಟರೆ ನೋಡುವವರು ಯಾರು? ಕಂಪನಿಯ ಸರ್ವರನ್ನು ಕಂಪನಿಯೇ ನೋಡಿಕೊಳ್ಳುತ್ತದೆ, ನಮ್ಮದನ್ನು ನಾವೇ ನೋಡಿಕೊಳ್ಳಬೇಕು. ಇದು ನ್ಯಾಯವಾದ ಆಕ್ಷೇಪಣೆ. ಶಿಕ್ಷಕರ ಹೆಗಲಿಗೆ ಇನ್ನೊಂದು ಹೊರೆ ಹಾಕಬಾರದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಈ ಕೆಲಸ ಬಲ್ಲವರು ಹಲವರಿದ್ದೇವೆ. ಹಣ ಕೊಟ್ಟು ಫೋಟೊ ತೆಗೆಸಿಕೊಂಡು ಹೋಗುವುದರ ಬದಲು ತಿಂಗಳಿಗೊಬ್ಬರಂತೆ ಸರದಿ ಹಾಕಿಕೊಳ್ಳೋಣ. ಮೊದಲ ಮೂರು ತಿಂಗಳ ಸರದಿಗೆ ನನ್ನ ಹೆಸರು ಬರೆದುಕೊಳ್ಳಿ. ಜೊತೆಗೆ ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು, ಇಬ್ಬರು ಹುಡುಗರಿಗೆ ಇದನ್ನು ನಡೆಸುವುದನ್ನು ಕಲಿಸೋಣ. ಒಳಗೆ ನೋಡಿ ತಿದ್ದುವ ಹಕ್ಕು ಇರುವ ತಂತ್ರಾಂಶದಿಂದ ಮಾತ್ರ ಮಕ್ಕಳು ಒಳಗೆ ನೋಡುವುದನ್ನು ಕಲಿಯುತ್ತಾರೆ.

ಹೊರಗಿನ ಯಾವುದೇ ಆ್ಯಪ್ ಶಾಲೆಗೆ ಬಂದಾಗ ಐದು ಪ್ರಶ್ನೆ ಕೇಳಿ ಎಂದು ಗುರುಗಳಲ್ಲಿ, ಪೋಷಕರಲ್ಲಿ ವಿನಂತಿ. ಈ ಕೆಲಸಕ್ಕೆ ಸರ್ವರ್ ನಿಜವಾಗಿ ಬೇಕೇ? ಮಗುವಿನ ಯಾವ ಯಾವ ಮಾಹಿತಿ ಹೋಗುತ್ತದೆ? ಆ ಸರ್ವರ್ ಯಾರದು? ನಾಳೆ ಬಿಡಬೇಕೆಂದರೆ ನಮ್ಮ ಮಾಹಿತಿಯನ್ನು ತಿರುಗಿ ತರಬಹುದೇ, ಅಲ್ಲಿ ಅಳಿಸಬಹುದೇ? ಇಂಟರ್‌ನೆಟ್ ಇಲ್ಲದ ದಿನ ಏನು ಮಾಡುವುದು? ಉತ್ತರ ಸಿಗದಿದ್ದರೆ ಅದೂ ಒಂದು ಉತ್ತರವೇ.

ಇಲ್ಲಿ ಕೂತಿರುವ ಮಕ್ಕಳಲ್ಲಿ ಕೆಲವರು ನಾಳೆ ತಂತ್ರಾಂಶ ಬರೆಯುತ್ತೀರಿ. ನಿಮಗೆ ಒಂದು ಮಾತು. ಬರಹ ತೆರೆದಿಟ್ಟರೆ ನಿಮ್ಮ ಕರ್ತವ್ಯ ಮುಗಿಯಿತು ಎಂದುಕೊಳ್ಳಬೇಡಿ. ನಿಮ್ಮ ಆ್ಯಪ್ ದೂರದ ಸರ್ವರನ್ನು ನೆಚ್ಚಿಕೊಂಡಿದ್ದರೆ ಮೊದಲ ಪುಟದಲ್ಲೇ ಅರ್ಥವಾಗುವ ಕನ್ನಡದಲ್ಲಿ ಹಾಗೆಂದು ಬರೆಯಿರಿ. ಸರ್ವರಿನ ಬರಹವನ್ನೂ ಕೊಡಿ. ಸರ್ವರಿನ ವಿಳಾಸ ಬದಲಿಸಿ ಊರಿನವರು ತಮ್ಮದೇ ಸರ್ವರ್ ಇಟ್ಟುಕೊಳ್ಳಲು ಅನುವು ಮಾಡಿ. ಫೋನಿನಲ್ಲೇ ಆಗುವ ಕೆಲಸವನ್ನು ಫೋನಿನಲ್ಲೇ ಮಾಡಿಸಿ. ಸ್ವಲ್ಪ ನಿಧಾನವಾದರೆ ಆಗಲಿ.

ಈ ಶಾಲೆಯ ಮೊದಲ ಕೊಠಡಿಗೆ ಊರಿನವರು ಕಲ್ಲು ಹೊತ್ತರು, ಗಾಡಿ ಕೊಟ್ಟರು, ಕೂಲಿ ಇಲ್ಲದೆ ದುಡಿದರು ಎಂದು ಹಿರಿಯರು ಹೇಳುತ್ತಾರೆ. ಶಿಕ್ಷಣ ಸರ್ಕಾರದ್ದು, ಶಾಲೆ ನಮ್ಮದು ಎಂಬ ಭಾವನೆ ಅಲ್ಲಿಂದ ಬಂದದ್ದು. ಹೊಸ ಕೊಠಡಿಯ ಕಂಪ್ಯೂಟರುಗಳೂ ಅದೇ ಅರ್ಥದಲ್ಲಿ ನಮ್ಮವಾಗಲಿ. ಸಂಘದ ಮುಂದಿನ ಸಭೆಯಲ್ಲಿ ಈ ಸಲಹೆಗಳನ್ನು ಚರ್ಚೆಗೆ ತೆಗೆದುಕೊಳ್ಳಬೇಕು, ಒಪ್ಪದವರು ದಯವಿಟ್ಟು ಅಲ್ಲಿ ಬಂದು ವಾದಿಸಬೇಕು ಎಂದು ಕೇಳಿಕೊಳ್ಳುತ್ತೇನೆ.